ಅಣಬೆಯ ಪೂರ್ವೋತ್ತರ

ಮನುಸ್ಮೃತಿಯು ಬೆಳ್ಳುಳ್ಳಿ ಈರುಳ್ಳಿಗಳೊಡನೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸಿದೆ. ಮೊದಲಿನವೆರಡೂ ಬಹುಮಂದಿಯ ಅಡಿಗೆಮನೆಯನ್ನು ಎಂದೋ ಹೊಕ್ಕವು; ಅಣಬೆ ಮಾತ್ರ ಮಳೆಗಾಲದಲ್ಲಿ ಹುತ್ತದ ಬಳಿ ಆಯುವವರ ಪಾಲಿಗೇ ಉಳಿಯಿತು. ಇದಕ್ಕೆ ಶಾಸ್ತ್ರಕ್ಕಿಂತಲೂ ಭಯವೇ ಕಾರಣವೆಂದು ನಮಗೆ ತೋರುತ್ತದೆ. ಭಯವು ಸುಳ್ಳಲ್ಲ. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗದು. ಬೆಳ್ಳಿಯ ನಾಣ್ಯ ಕಪ್ಪಾಗುವುದೇ ಎಂದು ನೋಡುವ ಪರೀಕ್ಷೆಯನ್ನು ನಂಬಲೂ ಬಾರದು.

ಗೊತ್ತಾದ ಬೀಜದಿಂದ ಮನೆಯಲ್ಲಿ ಬೆಳೆದುದಕ್ಕೆ ಈ ಅಂಜಿಕೆಯಿಲ್ಲ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದ ಬಾನೋ, ಶ್ರೀವಾಸ್ತವ ಎಂಬ ವಿಜ್ಞಾನಿಗಳು 1962ರಲ್ಲಿ ಬತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಬೆಳೆದು ತೋರಿಸಿದರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಗೆ ಜೋಳದ ಕಣಿಕೆಯೇ ಸಾಕು. ದನಕ್ಕೇ ಮೇವು ಸಾಲದ ವರ್ಷ ಅದನ್ನು ಅಣಬೆಗೆ ಕೊಡುವುದು ಅವಿವೇಕವೆನ್ನಬೇಕು.

ಕಣಿಕೆಯನ್ನು ತುಂಡರಿಸಿ, ನೆನೆಸಿ, ಬಿಸಿನೀರಿನಲ್ಲಿ ಹದಗೊಳಿಸಿ, ಬಸಿದು ಆರಿಸಿ, ಬೀಜದೊಡನೆ ಪದರಪದರವಾಗಿ ಚೀಲಕ್ಕೆ ತುಂಬಿ, ತೂತಿಟ್ಟು, ಕತ್ತಲಲ್ಲಿರಿಸುವುದು. ಸುಮಾರು 3 ವಾರಗಳಲ್ಲಿ ಬಿಳಿಯ ಎಳೆ ಹಬ್ಬುತ್ತದೆ. ಆಮೇಲೆ ಗಾಳಿ ಬೆಳಕು ತೋರಿಸಿ ನೀರು ಚಿಮುಕಿಸುತ್ತಿದ್ದರೆ ಅಣಬೆ ಮೂಡುವುದು. ಆ ಸೀಮೆಯ ಬೇಸಗೆ ಇದಕ್ಕೆ ಒಗ್ಗದು. ಮಳೆಗಾಲ, ಚಳಿಗಾಲಗಳೇ ತಕ್ಕವು.

ಈರುಳ್ಳಿ ಬೆಳ್ಳುಳ್ಳಿಗಳ ಒಗ್ಗರಣೆಯಲ್ಲಿ ಬಾಡಿಸಿದರೆ ರೊಟ್ಟಿಗೆ ಸೊಗಸಾದ ಪಲ್ಯ. ಮನುವಿನ ಮೂರು ನಿಷಿದ್ಧಗಳೂ ಒಂದೇ ಬಾಣಲೆಯಲ್ಲಿ! ಕೊಯ್ದ ದಿನವೇ ಬೇಯಿಸುವುದು ಮೇಲು. ಉಳಿದುದನ್ನು ಒಣಗಿಸಲು ಆ ನಾಡಿನ ಬಿಸಿಲು ಧಾರಾಳವಾಗಿದೆ.