ಪಿಲ್ಟ್‌ಡೌನ್ ವಂಚನೆಯೂ ಕೃಷ್ಣಾ–ಭೀಮಾ ಸೀಮೆಯ ಆದಿಮಾನವನ ಕುರುಹುಗಳೂ

1912ರ ಡಿಸೆಂಬರ್ 18ರಂದು ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯ ಸಭೆಯಲ್ಲಿ ತಲೆಬುರುಡೆಯ ಕೆಲವು ಚೂರುಗಳನ್ನೂ ಒಂದು ಮುರುಕು ಕೆಳದವಡೆಯನ್ನೂ ವಿದ್ವಾಂಸರ ಮುಂದಿಡಲಾಯಿತು. ಸಸೆಕ್ಸಿನ ಪಿಲ್ಟ್‌ಡೌನ್ ಹಳ್ಳಿಯ ಗರಸಿನ ಗುಂಡಿಯಲ್ಲಿ ಅವು ದೊರೆತವೆಂದು ವಕೀಲ ಚಾರ್ಲ್ಸ್ ಡಾಸನ್ ತಿಳಿಸಿದ. ಬ್ರಿಟಿಷ್ ವಸ್ತುಸಂಗ್ರಹಾಲಯದ ಭೂವಿಜ್ಞಾನ ವಿಭಾಗದ ಮುಖ್ಯಸ್ಥ ಆರ್ಥರ್ ಸ್ಮಿತ್ ವುಡ್‌ವರ್ಡ್ ಈ ಜೀವಿಗೆ ‘ಇಯೋಆಂಥ್ರೊಪಸ್ ಡಾಸೊನಿ’ ಎಂದು ಹೆಸರಿಟ್ಟರು. ಇದಾಗಿ ಹನ್ನೊಂದು ದಿನಕ್ಕೆ, ಡಿಸೆಂಬರ್ 29ರಂದು, ದಕ್ಷಿಣ ಭಾರತದ ಪ್ರಾಗಿತಿಹಾಸದ ಶೋಧಕ್ಕೆ ತಳಹದಿ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ತೀರಿಕೊಂಡರು. ಒಂದು ಕಡೆ ಕಟ್ಟಿದ ಸುಳ್ಳು, ಇನ್ನೊಂದು ಕಡೆ ಕೂಡಿಸಿಟ್ಟ ಸಾಕ್ಷ್ಯ. ಇವೆರಡರ ಮುಂದಿನ ಗತಿಯನ್ನು ಅಕ್ಕಪಕ್ಕದಲ್ಲಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸುಳ್ಳು ಬಾಳಿದ ಬಗೆ

ಪಿಲ್ಟ್‌ಡೌನ್ ಮಾನವನದು ದೊಡ್ಡ ಮಿದುಳು, ವಾನರನ ದವಡೆ. ಮಾನವ ವಿಕಾಸದಲ್ಲಿ ಮೊದಲು ಬೆಳೆದದ್ದು ಮಿದುಳೇ ಎಂದು ನಂಬಿದ್ದವರಿಗೂ, ಮೊದಲ ಮಾನವ ಇಂಗ್ಲೆಂಡಿನವನೇ ಆಗಲಿ ಎಂದು ಬಯಸಿದ್ದವರಿಗೂ ಇದು ಒಪ್ಪುವಂತಿತ್ತು. ಎಲ್ಲರೂ ಒಪ್ಪಲಿಲ್ಲ ಎಂಬುದೂ ನಿಜ. ಬುರುಡೆಗೂ ದವಡೆಗೂ ಹೊಂದಿಕೆಯಿಲ್ಲವೆಂದು ಡೇವಿಡ್ ವಾಟರ್‌ಸ್ಟನ್ 1913ರಲ್ಲೇ ಬರೆದರು. ಆದರೆ ಹೆಚ್ಚಿನ ಸಂಶೋಧಕರ ಕೈಗೆ ಸಿಕ್ಕಿದ್ದು ಅಚ್ಚು ತೆಗೆದ ಪ್ರತಿಗಳು ಮಾತ್ರ. ಮೂಲ ಮೂಳೆಗಳು ಬೀಗದೊಳಗೇ ಉಳಿದವು. 1916ರಲ್ಲಿ ಡಾಸನ್ ಸತ್ತ ಮೇಲೆ ಆ ಜಾಗದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. 1925ರಲ್ಲಿ ರೇಮಂಡ್ ಡಾರ್ಟ್ ಆಫ್ರಿಕಾದ ಟೌಂಗ್ ಶಿಶುವಿನ ಬುರುಡೆಯನ್ನು ಪ್ರಕಟಿಸಿದಾಗ, ಅದರ ಚಿಕ್ಕ ಮಿದುಳು ಪಿಲ್ಟ್‌ಡೌನ್ ಮಾದರಿಗೆ ಕೂಡಿಬರಲಿಲ್ಲ. ನಿಜವಾದ ಪಳೆಯುಳಿಕೆ ಮನ್ನಣೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಈ ವಂಚನೆಯಿಂದ ವಿಜ್ಞಾನಕ್ಕಾದ ದೊಡ್ಡ ನಷ್ಟ ಇದೇ.

ಸುಳ್ಳು ಬಯಲಾದ ಬಗೆ

ನೆಲದಲ್ಲಿ ಹೂತ ಮೂಳೆ ಅಂತರ್ಜಲದ ಫ್ಲೋರೈಡನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ವಿಜಯಪುರ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿದ್ದು ಹಲ್ಲಿಗೆ ಕಂದು ಕಲೆ ಹಿಡಿಸುವುದೂ ಇದೇ ಫ್ಲೋರೈಡ್. 1949ರಲ್ಲಿ ಕೆನೆತ್ ಓಕ್ಲಿ ಇದನ್ನೇ ಅಳತೆಗೋಲು ಮಾಡಿಕೊಂಡು ಪಿಲ್ಟ್‌ಡೌನ್ ಮೂಳೆಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಫ್ಲೋರೈಡ್ ಅತ್ಯಲ್ಪವಿತ್ತು; ಅಂದರೆ ಅವು ಹೇಳಿಕೊಂಡಷ್ಟು ಹಳೆಯವಲ್ಲ. 1953ರ ನವೆಂಬರಿನಲ್ಲಿ ಜೋಸೆಫ್ ವೀನರ್, ಓಕ್ಲಿ ಮತ್ತು ಲೆ ಗ್ರೋಸ್ ಕ್ಲಾರ್ಕ್ ಮೂವರೂ ಸೇರಿ ಮೋಸವನ್ನು ಬಹಿರಂಗಪಡಿಸಿದರು. ದವಡೆ ಒರಾಂಗುಟಾನ್ ವಾನರನದು. ಮನುಷ್ಯನ ಹಲ್ಲಿನಂತೆ ಸವೆದು ಕಾಣಲೆಂದು ಅದರ ಹಲ್ಲುಗಳನ್ನು ಅರದಿಂದ ಉಜ್ಜಲಾಗಿತ್ತು. ಸೂಕ್ಷ್ಮದರ್ಶಕದಡಿ ಅರದ ಗೀರುಗಳು ಸ್ಪಷ್ಟವಾಗಿ ಕಂಡವು. ಪಕ್ಕಪಕ್ಕದ ಎರಡು ಹಲ್ಲುಗಳು ಸವೆದ ಓರೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕೋರೆಹಲ್ಲಿಗೆ ಕಂದು ಬಣ್ಣ ಬಳಿಯಲಾಗಿತ್ತು. ಅದೇ ಜಾಗದಲ್ಲಿ ಸಿಕ್ಕಿತೆನ್ನಲಾದ, ಕ್ರಿಕೆಟ್ ಬ್ಯಾಟಿನಾಕಾರದ ಆನೆಮೂಳೆಯ ‘ಆಯುಧ’ ಲೋಹದ ಚಾಕುವಿನಿಂದ ಕೆತ್ತಿದ್ದಾಗಿತ್ತು. ಇಸಾಬೆಲ್ ಡಿ ಗ್ರೂಟ್ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಎಲ್ಲ ವಸ್ತುಗಳಲ್ಲೂ ಒಂದೇ ಕೈಚಳಕ ಗುರುತಿಸಿ, ಅದು ಬಹುಮಟ್ಟಿಗೆ ಡಾಸನ್ನನದೇ ಎಂಬ ನಿರ್ಣಯಕ್ಕೆ ಬಂತು.

ನಮ್ಮ ಸೀಮೆಯ ಸಾಕ್ಷ್ಯ

1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದ ಫೂಟ್, ಮುಂದೆ ನಮ್ಮ ಭಾಗದ ಭೂಸರ್ವೇಕ್ಷಣೆ ನಡೆಸಿದರು. ಗೋಕಾಕ ಸಮೀಪದ ಚಿಕ್ಕದೌಳಿಯಲ್ಲಿ ಅಳಿದುಹೋದ ಘೇಂಡಾಮೃಗದ ಮೂಳೆಗಳನ್ನು ಪತ್ತೆ ಮಾಡಿ 1874ರಲ್ಲಿ ವಿವರಿಸಿದರು. 1904ರಲ್ಲಿ ಮದರಾಸು ಸರ್ಕಾರ ಕೊಂಡ ಅವರ ಸಂಗ್ರಹದ ವಿವರಪಟ್ಟಿ, ಅವರ ಮರಣಾನಂತರ 1914ರಲ್ಲಿ ಅಚ್ಚಾಯಿತು. ಯಾವ ಕಲ್ಲು ಎಲ್ಲಿ ಸಿಕ್ಕಿತೆಂಬುದನ್ನು ಯಾರು ಬೇಕಾದರೂ ತಾಳೆ ನೋಡಬಹುದಿತ್ತು.

ವಿಜಯಪುರ ಜಿಲ್ಲೆಯ ಆಲಮೇಲ ಇರುವ ಕೃಷ್ಣಾ–ಭೀಮಾ ನಡುವಣ ಸೀಮೆಯಲ್ಲೇ ಸುರಪುರದ ಕಡೆಯ ಹುಣಸಗಿ–ಬೈಚಬಾಳ ಕಣಿವೆಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ಅಲ್ಲಿ ಅಧ್ಯಯನ ನಡೆಸಿದರು. ಅಲ್ಲಿನ ಇಸಾಂಪುರದ ಉತ್ಖನನದಲ್ಲಿ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ತಾಣವೇ ಬೆಳಕಿಗೆ ಬಂತು. ಒಡೆಯಲು ಬಳಸಿದ ಗುಂಡುಕಲ್ಲು, ಅರೆಬರೆ ಆಯುಧ, ಎಬ್ಬಿಸಿದ ಚಕ್ಕೆಗಳು ಒಂದೇ ನೆಲದ ಮೇಲಿದ್ದವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮೆಲ್ ಪರೀಕ್ಷೆ ಸುಮಾರು 12 ಲಕ್ಷ ವರ್ಷಗಳ ಹಿಂದಿನ ಕಾಲವನ್ನು ಸೂಚಿಸಿದೆ; ಈ ಫಲಿತಾಂಶವನ್ನು ಪದ್ದಯ್ಯ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಆಯುಧ ಮಾಡಿದವರ ಒಂದು ಮೂಳೆಯೂ ಇಲ್ಲಿ ದೊರೆತಿಲ್ಲ. ದೊರೆಯದ್ದನ್ನು ದೊರೆತಿದೆ ಎನ್ನದಿರುವುದೇ ಈ ಸಂಶೋಧನೆಯ ಘನತೆ.

ಉಪಸಂಹಾರ

ಪಿಲ್ಟ್‌ಡೌನ್ ಮುಗಿದ ಕಥೆಯಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 2000ದಲ್ಲಿ ನಡೆದ ಆನೆಯಂಥ ಮ್ಯಾಸ್ಟಡಾನ್ ಪ್ರಾಣಿಯ ಉತ್ಖನನದ ಚಿತ್ರಕ್ಕೆ ಯಾರೋ ಕಂಪ್ಯೂಟರಿನಲ್ಲಿ ದೈತ್ಯ ಅಸ್ಥಿಪಂಜರ ಸೇರಿಸಿದರು. ಅದು ಭಾರತದಲ್ಲಿ ಸಿಕ್ಕ ಘಟೋತ್ಕಚನ ಎಲುಬೆಂದು ನಮ್ಮಲ್ಲಿ ಇಂದಿಗೂ ಹರಿದಾಡುತ್ತದೆ. ನಂಬಲು ಹಿತವಾದ ಸಾಕ್ಷ್ಯವನ್ನೇ ಮೊದಲು ಒರೆಗೆ ಹಚ್ಚಬೇಕು. ಎಲ್ಲಿ, ಯಾವ ಮಣ್ಣಿನ ಪದರದಲ್ಲಿ, ಯಾರಿಗೆ ಸಿಕ್ಕಿತು, ಮೂಲವಸ್ತು ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಅದನ್ನು ಪುರಾವೆ ಎನ್ನಲಾಗದು. ಆಲಮೇಲ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ರೈತರಲ್ಲಿ, ಶಿಕ್ಷಕರಲ್ಲಿ ಒಂದು ವಿನಂತಿ: ಬಾವಿ, ಕಾಲುವೆ ತೋಡುವಾಗ ಕೆತ್ತಿದ ಕಲ್ಲಾಗಲಿ, ಹಳೆಯ ಎಲುಬಾಗಲಿ ಕಂಡರೆ ಕಿತ್ತು ಮನೆಗೆ ಒಯ್ಯಬೇಡಿ. ಇದ್ದಲ್ಲೇ ಬಿಟ್ಟು, ಚಿತ್ರ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸಿ. ಸಿಕ್ಕ ಜಾಗದಿಂದ ಕಿತ್ತ ಮೂಳೆ ತನ್ನ ಅರ್ಧ ಸಾಕ್ಷ್ಯವನ್ನು ಅಲ್ಲೇ ಕಳೆದುಕೊಳ್ಳುತ್ತದೆ.