ಉಯಿಲು, ಪಿಂಚಣಿ ಮತ್ತು ಗಡಿನಾಡಿನ ವಕೀಲರು

ಶಾಲೆಯ ನೂರು ವರ್ಷಗಳನ್ನು ಸ್ಮರಿಸುವಾಗ ಗುರುಗಳನ್ನೂ ದಾನಿಗಳನ್ನೂ ನೆನೆಯುವುದು ರೂಢಿ. ಇಲ್ಲಿ ಕಲಿತ ಕನ್ನಡ ಅಕ್ಷರವು ಊರ ಜನರ ಕಷ್ಟಕಾಲದಲ್ಲಿ ಹೇಗೆ ಒದಗಿತೆಂಬುದನ್ನು ಅರಿಯಬೇಕಾದರೆ ನಾವು ಕಾಸರಗೋಡಿನ ನ್ಯಾಯಾಲಯದ ಕಡೆಗೂ ನೋಡಬೇಕು.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮುನ್ನ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಇಲ್ಲಿನ ಬಂಟ, ಬಿಲ್ಲವ ಮೊದಲಾದ ಮನೆತನಗಳಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿದುಬರುವ ಅಳಿಯಸಂತಾನ ಪದ್ಧತಿಯಿತ್ತು. ಸದಸ್ಯರು ಬಲವಂತವಾಗಿ ಪಾಲು ಕೇಳುವಂತಿಲ್ಲವೆಂದು 1863ರಲ್ಲಿ ಮದರಾಸು ಹೈಕೋರ್ಟು ತೀರ್ಪಿತ್ತಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲಿನ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಕವರಿನ ಸದಸ್ಯರಿಗೆ ತಮ್ಮ ಅಂಶವನ್ನು ಉಯಿಲಿನ ಮೂಲಕ ಕೊಡುವ ಅಧಿಕಾರ ಬಂದಿತು. ಕೇರಳದ 1975ರ ಕಾಯಿದೆಯು 1976ರ ಡಿಸೆಂಬರ್ 1ರಿಂದ ಅವಿಭಕ್ತ ಕುಟುಂಬ ವ್ಯವಸ್ಥೆಯನ್ನೇ ರದ್ದುಗೊಳಿಸಿತು. ಒಂದೇ ತಲೆಮಾರಿನಲ್ಲಿ ನಿಯಮ ಮೂರು ಬಾರಿ ಬದಲಾಯಿತು.

ಈ ಬದಲಾವಣೆಗಳ ನಡುವೆ ನಿಂತವರು ಊರಿನ ವಕೀಲರು. ಹಳೆಯ ಪಾಲುಪತ್ರ, ಗೇಣಿಚೀಟು, ಉಯಿಲುಗಳು ಕನ್ನಡದಲ್ಲಿದ್ದವು. ಕಾನೂನಿನ ಗ್ರಂಥಗಳು ಇಂಗ್ಲಿಷಿನಲ್ಲಿದ್ದವು. ಹೊಸ ಕಚೇರಿಗಳ ವ್ಯವಹಾರ ಮಲಯಾಳಕ್ಕೆ ತಿರುಗಿತು. ನಮ್ಮ ಕಡೆಯ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಾಗಿರಲಿಲ್ಲ. ಆದರೆ ತಕರಾರು ಎದ್ದರೆ ಉಯಿಲನ್ನು ಮುಂದಿಟ್ಟವರೇ ಅದನ್ನು ಸಾಬೀತುಪಡಿಸಬೇಕು. ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಇರಬೇಕು. ಅವರಲ್ಲಿ ಬದುಕಿರುವ ಒಬ್ಬರನ್ನಾದರೂ ಕರೆತಂದು ವಿಚಾರಿಸಬೇಕು. ತೀರಿಕೊಂಡವರ ಮಾತನ್ನು ಸರಿಯಾಗಿ ಓದಿ ಹೇಳಬಲ್ಲ ವಕೀಲರಿಲ್ಲದಿದ್ದರೆ ವಿಧವೆಯೂ ಮಕ್ಕಳೂ ಮನೆ ಕಳೆದುಕೊಳ್ಳುವ ಅಪಾಯವಿತ್ತು.

ಕಾಗದದ ಮೇಲೆಯೇ ಬದುಕು ನಿಂತಿರುವ ಇನ್ನೊಂದು ವರ್ಗವೆಂದರೆ ನಿವೃತ್ತ ಯೋಧರು. ಸೇವೆಯಲ್ಲಿ ಉಂಟಾದ ಅಂಗವೈಕಲ್ಯಕ್ಕೆ ಪಿಂಚಣಿ ನಿರಾಕೃತವಾದರೆ ಮೊದಲು ಇಲಾಖೆಗೆ ಮೇಲ್ಮನವಿ, ಅಲ್ಲಿಯೂ ಸೋತರೆ ನ್ಯಾಯಾಲಯ. 2007ರ ಕಾಯಿದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ರೂಪುಗೊಂಡಿತು. ಕೇರಳದವರಿಗೆ ಕೊಚ್ಚಿಯಲ್ಲಿ ಅದರ ಪೀಠವಿದೆ. ಇಲ್ಲಿ ಸಾಬೀತಿನ ಹೊಣೆ ತಿರುಗುಮುರುಗಾಗುತ್ತದೆ. ಸೇರ್ಪಡೆಯ ವೇಳೆ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಿಂದಲೇ ಬಂದಿತೆಂದು ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಭಾರ ಸರ್ಕಾರದ್ದು ಎಂದು 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಈ ಒಂದು ನಿಯಮವನ್ನು ತಿಳಿಯದೆ ಮೊದಲ ನಿರಾಕರಣೆಗೇ ಸುಮ್ಮನಾಗುವ ಕುಟುಂಬಕ್ಕೆ ಆಗುವ ನಷ್ಟ ಸಣ್ಣದಲ್ಲ.

ಅಜ್ಜನ ಕೈಬರಹದ ಕನ್ನಡವನ್ನು ಓದಲಾರದ ಮೊಮ್ಮಕ್ಕಳು ಇಂದು ನಮ್ಮ ಊರಿನಲ್ಲಿ ಹೆಚ್ಚುತ್ತಿದ್ದಾರೆ. ಮನೆಯ ಪೆಟ್ಟಿಗೆಯಲ್ಲಿರುವ ಪಾಲುಪತ್ರವನ್ನೋ ಸೈನ್ಯದ ಬಿಡುಗಡೆ ಪತ್ರವನ್ನೋ ಪೋಷಕರು ಒಮ್ಮೆ ಹೊರತೆಗೆದು ಮಕ್ಕಳೊಂದಿಗೆ ಕುಳಿತು ಓದಬೇಕೆಂಬುದು ನಮ್ಮ ಪ್ರಾರ್ಥನೆ. ಶತಮಾನ ಕಂಡ ಕನ್ನಡ ಶಾಲೆಯ ಪ್ರಯೋಜನವನ್ನು ಆ ಕಾಗದಗಳೇ ಹೇಳಿಯಾವು.