ಚಾರ್ಜರ್ ವೈರಿನ ಕಪ್ಪು ಗಂಟು: ಯಾವ ಫೆರೈಟ್ ಆದರೂ ನಡೆಯುತ್ತದೆಯೇ?

ಲ್ಯಾಪ್‌ಟಾಪ್ ಚಾರ್ಜರ್ ವೈರಿನಲ್ಲಿರುವ ದಪ್ಪ ಗಂಟು ನಮ್ಮ ದೇಹವನ್ನು ರೇಡಿಯೇಶನ್‌ನಿಂದ ಕಾಪಾಡುತ್ತದೆಯೇ? ಇಲ್ಲ. ಅದು ಚೋಕ್. ಅದರೊಳಗಿರುವ ಫೆರೈಟ್ ಎಂಬ ಕಾಂತೀಯ ವಸ್ತು, ವೈರಿನಲ್ಲಿ ಹರಿಯುವ ರೇಡಿಯೋ ಫ್ರೀಕ್ವೆನ್ಸಿಯ ಗದ್ದಲವನ್ನು ತಡೆದು ಅಲ್ಪ ಶಾಖವಾಗಿಸುತ್ತದೆ.

ಹಾಗಾದರೆ ರೇಡಿಯೋದಲ್ಲಿ ಗೊರಗೊರ ಬಂದಾಗ ಯಾವ ಫೆರೈಟ್ ಉಂಗುರ ಹಾಕಿದರೂ ಸಾಕೇ? ಸಾಲದು.

• ಎಎಂ, ಶಾರ್ಟ್‌ವೇವ್‌ಗೆ: ಮ್ಯಾಂಗನೀಸ್-ಜಿಂಕ್ ಫೆರೈಟ್ ಹೆಚ್ಚು ಸೂಕ್ತ. ವೈರನ್ನು ಉಂಗುರದೊಳಗೆ ಹಲವು ಸುತ್ತು ಹಾಕಬೇಕು.
• ಎಫ್‌ಎಂಗೆ (88ರಿಂದ 108 ಮೆಗಾಹರ್ಟ್ಸ್): ಸಾಮಾನ್ಯವಾಗಿ ನಿಕ್ಕಲ್-ಜಿಂಕ್ ಫೆರೈಟ್.

ಎರಡೂ ನೋಡಲು ಕಪ್ಪಗೇ ಇರುತ್ತವೆ. ಹಾಗಾಗಿ ಬಣ್ಣ ನೋಡಿ ಕೊಳ್ಳಬೇಡಿ, ಯಾವ ಫ್ರೀಕ್ವೆನ್ಸಿಗೆ ಎಂದು ಕೇಳಿ.

ನಾವು ಹೇಳುವುದಿಷ್ಟೆ: ಇದು ರೇಡಿಯೋದ ಗದ್ದಲಕ್ಕೆ ಮದ್ದು, ಆರೋಗ್ಯದ ತಾಯಿತವಲ್ಲ. ‘ರೇಡಿಯೇಶನ್ ತಡೆ’ ಎಂದು ಮಾರಿದರೆ ದುಡ್ಡು ಕೊಡಬೇಡಿ, ಫಾರ್ವರ್ಡ್ ಮಾಡಬೇಡಿ.